ಮೊದಲು ತಿರುಗುತ್ತಿತ್ತು

ಬೇಲೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಬಸ್ಸು ನಿಂತಿದೆ. ಅದಕ್ಕೆ ಇಂಜಿನ್ ಇಲ್ಲ. ಮುಂದಿನ ಮುಚ್ಚಳ ಎತ್ತಿದರೆ ಒಳಗೆ ಕಾಣುವುದು ನೆಲ, ನೆಲದಲ್ಲಿ ಕೋಳಿಗಳು ಕೆದಕಿದ ಗುಂಡಿಗಳು. ಸೀಟಿನೊಳಗಿನ ತೆಂಗಿನ ನಾರನ್ನು ಅಳಿಲುಗಳು ಕಿತ್ತುಕೊಂಡು ಹೋಗಿವೆ. ಹಣೆಯ ಮೇಲೆ ಬರೆಸಿದ್ದ ‘ಬೇಲೂರು–ಅರಸೀಕೆರೆ’ ಎಂಬ ಅಕ್ಷರಗಳು ಮಾತ್ರ ಇನ್ನೂ ಓದುವಂತಿವೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅತ್ತಿಗೆ ಆ ಅಕ್ಷರಗಳ ಕೆಳಗೆ ಅರಿಸಿನ ಕುಂಕುಮ ಇಡುತ್ತಾರೆ. ಡ್ರೈವರ್ ಸೀಟಿನ ಮೇಲೆ ಒಂದು ಮರದ ಪೆಟ್ಟಿಗೆ ಇದೆ, ಅದಕ್ಕೂ ಇಡುತ್ತಾರೆ. ಆ ದಿನ ನಾನು ಮನೆಯಲ್ಲಿ ಇರುವುದಿಲ್ಲ.

ಈ ಬಸ್ಸು ಒಂದು ಕಾಲಕ್ಕೆ ಚೆನ್ನಾಗಿ ಓಡುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಓಡುತ್ತಿತ್ತು, ಅಷ್ಟೆ. ಅಪ್ಪ ಹೋದಮೇಲೆ ಅಣ್ಣನೇ ನನ್ನನ್ನು ಸಾಕಿ ಹೈಸ್ಕೂಲಿನವರೆಗೆ ಓದಿಸಿದ್ದ. ಅವನಿಗಿದ್ದದ್ದು ಇದೊಂದು ಬಸ್ಸು, ಇದಕ್ಕೊಂದು ಪರ್ಮಿಟ್ಟು. ಬೆಳಿಗ್ಗೆ ಬೇಲೂರು ಬಿಟ್ಟು ಹಳೇಬೀಡು, ಜಾವಗಲ್, ಬಾಣಾವರದ ಮೇಲೆ ಅರಸೀಕೆರೆಗೆ ಹೋಗಿ ರೈಲಿನವರನ್ನು ಇಳಿಸಬೇಕು, ಇಳಿದವರನ್ನು ತುಂಬಿಕೊಂಡು ಸಂಜೆಗೆ ಮನೆ ಸೇರಬೇಕು. ಯುದ್ಧ ಶುರುವಾಗಿ ಪೆಟ್ರೋಲಿಗೆ ಕೂಪನ್ ಬಂದಮೇಲೆ ಎಲ್ಲರ ಹಾಗೆ ಅಣ್ಣನೂ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಸಿದ. ಒಲೆಯಲ್ಲಿ ಇದ್ದಿಲು ಕನಲಿ ಹುಟ್ಟುವ ಗ್ಯಾಸಿನಿಂದ ಇಂಜಿನ್ ನಡೆಯುತ್ತಿತ್ತು. ಹೊರಡುವ ಅರ್ಧ ಗಂಟೆ ಮುಂಚೆ ಒಬ್ಬರು ಒಲೆಗೆ ಗಾಳಿ ಊದುವ ತಿದಿಯ ಹಿಡಿ ತಿರುಗಿಸಬೇಕು. ಆ ಒಬ್ಬರು ಹೆಚ್ಚಾಗಿ ಅಣ್ಣನೇ. ಅವನ ಕೆಮ್ಮು ಆಗ ಹತ್ತಿದ್ದು, ಇನ್ನೂ ಹೋಗಿಲ್ಲ.

ದಿನಚರಿ ಬರೆಯುವುದು ನನಗೆ ಸ್ಕೂಲಿನಿಂದ ಬಂದ ಅಭ್ಯಾಸ. ಬಸ್ಸಿನ ಲೆಕ್ಕವನ್ನೂ ಅದರಲ್ಲೇ ಇಡುತ್ತಿದ್ದೆ. ಬಿಟ್ಟ ಹೊತ್ತು, ಸೇರಿದ ಹೊತ್ತು, ಇದ್ದಿಲಿನ ಮೂಟೆ, ಲಗೇಜು, ಕೊನೆಗೆ ‘ತಳ್ಳಿದ್ದು’ ಎಂದು ಒಂದು ಕಾಲಮು. ಜಾವಗಲ್ ಹತ್ತಿರದ ಏರಿನಲ್ಲಿ ಗ್ಯಾಸು ಸಾಲದೆ ಬಸ್ಸು ನಿಲ್ಲುತ್ತಿತ್ತು. ಜನ ಇಳಿದು ತಳ್ಳುತ್ತಿದ್ದರು. ಆ ಕಾಲಮು ಖಾಲಿ ಇರುವ ದಿನ ಅಪರೂಪ.

“ಕೂತ್ಕೊಂಡು ಹೋಗೋದಕ್ಕೆ ಎಷ್ಟು, ತಳ್ಕೊಂಡು ಹೋಗೋದಕ್ಕೆ ಎಷ್ಟು, ಬ್ಯಾರೆ ಬ್ಯಾರೆ ಹೇಳ್ಬುಡಿ ಯಜಮಾನ್ರೇ,” ಎಂದು ಜಾವಗಲ್ಲಿನ ಒಬ್ಬ ಕೊಬ್ಬರಿ ವ್ಯಾಪಾರಿ ದಿನವೂ ಕೇಳುತ್ತಿದ್ದ. ಬಸ್ಸೆಲ್ಲ ನಗುತ್ತಿತ್ತು. ಅಣ್ಣನೂ ನಗುತ್ತಿದ್ದ. ಆದರೆ ಒಂದು ದಿನ ಹೆರಿಗೆಗೆ ತೌರಿಗೆ ಹೊರಟಿದ್ದ ಹೆಂಗಸೊಬ್ಬಳು ಆ ಏರಿನಲ್ಲಿ ಇಳಿದು, ಸೊಂಟ ಹಿಡಿದುಕೊಂಡು, ಬಿಸಿಲಿನಲ್ಲಿ ಬಸ್ಸಿನ ಹಿಂದೆ ನಡೆದು ಬಂದಳು. ಅವತ್ತು ಅಣ್ಣ ನಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, “ಇದು ಬಸ್ಸಲ್ಲ ಕಣೋ, ಜನಕ್ಕೆ ನಾನು ಕೊಡೋ ಶಿಕ್ಷೆ,” ಎಂದ. ಮುಂದೆ ನಡೆದದ್ದಕ್ಕೆಲ್ಲ ಬೇರು ಆ ಹೆಂಗಸಿನ ನಡಿಗೆಯಲ್ಲಿದೆ. ದುರಾಸೆಯಲ್ಲಿ ಇಲ್ಲ. ಅಣ್ಣನ ಪರವಾಗಿ ಇಷ್ಟನ್ನಾದರೂ ಬರೆಯಬೇಕು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಹಳೇಬೀಡಿಗೆ ಒಬ್ಬ ಬಂದು ಇಳಿದ. ಅವನು ಯಾವ ಊರಿನವನೋ ಸರಿಯಾಗಿ ಗೊತ್ತಾಗಲೇ ಇಲ್ಲ. ಎಲ್ಲರೂ ‘ಇಂಜಿನಿಯರು’ ಎಂದರು, ನನ್ನ ಬಾಯಿಗೂ ಅದೇ ಹತ್ತಿತು, ಈಗ ಬಿಡಲು ಬರುತ್ತಿಲ್ಲ. ಅವನ ಜೊತೆ ಇಬ್ಬರು ಕೂರುವಷ್ಟು ದೊಡ್ಡ ಒಂದು ಹಳೆಯ ಕಾರು ಇತ್ತು. ಇಂಜಿನ್ ತೆಗೆದು ಆ ಜಾಗದಲ್ಲಿ ಒಂದು ಎಲೆಕ್ಟ್ರಿಕ್ ಮೋಟಾರು, ಸೀಟಿನ ಕೆಳಗೆ ಬ್ಯಾಟರಿಗಳು, ಇವೆರಡರ ನಡುವೆ ಹಿತ್ತಾಳೆ ಪಟ್ಟಿ ಹೊಡೆದ ಒಂದು ಮರದ ಪೆಟ್ಟಿಗೆ. ಪೆಟ್ರೋಲ್ ಬೇಡ, ಇದ್ದಿಲು ಬೇಡ. ಮೋಟಾರು ಚಕ್ರವನ್ನು ತಿರುಗಿಸುತ್ತದೆ, ಚಕ್ರ ಡೈನಮೋವನ್ನು ತಿರುಗಿಸುತ್ತದೆ, ಡೈನಮೋದ ಕರೆಂಟು ಪೆಟ್ಟಿಗೆಯೊಳಗೆ ಹೋಗಿ ಇಮ್ಮಡಿಯಾಗಿ ಮೋಟಾರಿಗೆ ಬರುತ್ತದೆ. ಒಮ್ಮೆ ಶುರುವಾದರೆ ಆಯಿತು, ತಾನಾಗಿ ಓಡುತ್ತದೆ ಎನ್ನುತ್ತಿದ್ದ. ಪೆಟ್ಟಿಗೆಯನ್ನು ತೆರೆದು ತೋರಿಸುತ್ತಿರಲಿಲ್ಲ.

ತಾನಾಗಿ ಓಡುವ ಆ ಕಾರು ಅರಸೀಕೆರೆಯಿಂದ ಹಳೇಬೀಡಿಗೆ ಬಂದದ್ದು ಮರ ಸಾಗಿಸುವ ಎತ್ತಿನ ಗಾಡಿಯ ಮೇಲೆ. ಟೈರು ಸವೆಯಬಾರದಲ್ಲ ಎಂದ. ಯುದ್ಧಕಾಲದಲ್ಲಿ ಟೈರು ಸಿಗುತ್ತಿರಲಿಲ್ಲ, ಆದ್ದರಿಂದ ಕೇಳಿದವರೆಲ್ಲ ತಲೆಯಾಡಿಸಿದರು. ಅವನು ಹೇಳುತ್ತಿದ್ದ ಪ್ರತಿಯೊಂದು ಸುಳ್ಳಿಗೂ ಹೀಗೆ ಒಂದು ನಿಜವನ್ನು ಕಟ್ಟಿರುತ್ತಿದ್ದ.

ಹಳೇಬೀಡಿನಿಂದ ಮಾದಿಹಳ್ಳಿಯ ಕಡೆಗೆ ಕಾರು ಓಡಿಸಿ ತೋರಿಸಿದ. ಸದ್ದಿಲ್ಲ, ಹೊಗೆಯಿಲ್ಲ. ಗದ್ದೆಯಲ್ಲಿದ್ದವರು ಎದ್ದು ನಿಂತು ನೋಡಿದರು. ಆಮೇಲೆ ದೇವಸ್ಥಾನದ ಜಗುಲಿಯ ಮೇಲೆ ಕೂತು ಅಣ್ಣನಿಗೂ ಸುತ್ತ ಸೇರಿದವರಿಗೂ ವಿವರಿಸಿದ. ಒಳಗಿನ ನುಣುಪು ಕಂಬಗಳ ಕಡೆ ಕೈ ತೋರಿಸಿ ಕೇಳಿದ:

“ಈ ಕಂಬಗಳ ಮೈಮೇಲಿನ ಬಳೆಗಳನ್ನು ನೋಡಿ. ಕೈಯಿಂದ ಕೆತ್ತಿದ್ದಲ್ಲ, ಚರಕಿಯ ಮೇಲೆ ತಿರುಗಿಸಿ ಕಡೆದದ್ದು. ಇಷ್ಟು ಭಾರದ ಕಲ್ಲನ್ನು ತಿರುಗಿಸಿದ್ದು ಏನು? ಆಗ ಪೆಟ್ರೋಲ್ ಇತ್ತೆ? ಇದ್ದಿಲು ಗ್ಯಾಸು ಇತ್ತೆ?”

“ಆಳುಗಳಿದ್ದರು, ಎತ್ತುಗಳಿದ್ದವು,” ಎಂದೆ ನಾನು.

“ಎತ್ತಂತೆ,” ಎಂದು ಯಾರೋ ನಕ್ಕರು. “ಇವ್ರಿಗೆ ಬಸ್ ತಳ್ಸಿ ತಳ್ಸಿ ಅಭ್ಯಾಸ ಆಗೋಗೈತೆ.”

ಇಂಜಿನಿಯರು ಮಾತ್ರ ನಗಲಿಲ್ಲ. ಬಹಳ ಮರ್ಯಾದೆಯಿಂದ ನನ್ನ ಕಡೆ ತಿರುಗಿದ. “ನೀವು ಬೇಲೂರಿನವರು ತಾನೆ? ನಿಮ್ಮ ಗುಡಿಯೊಳಗೆ ಒಂದು ಕಂಬ ಇದೆ. ಅದರ ಬಗ್ಗೆ ನಿಮ್ಮೂರಲ್ಲಿ ಏನು ಹೇಳ್ತಾರೆ?”

ಏನು ಹೇಳುತ್ತಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬೇಲೂರಿನಲ್ಲಿ ಹುಟ್ಟಿದವರು ಕೇಳುವ ಮೊದಲ ಕತೆಗಳಲ್ಲಿ ಅದೂ ಒಂದು. ಆ ನರಸಿಂಹ ಕಂಬದ ಮುಂದೆ ನಿಲ್ಲಿಸಿ, ಮೊದಲು ಇದು ತಿರುಗುತ್ತಿತ್ತು, ಈಗ ನಿಂತಿದೆ ಎನ್ನುತ್ತಾರೆ. ಅಮ್ಮನೂ ನನಗೆ ಹಾಗೇ ಹೇಳಿದ್ದಳು. ಯಾಕೆ ನಿಂತಿತು ಎಂದು ನಾನೂ ಕೇಳಿರಲಿಲ್ಲ.

“ಮೊದಲು ತಿರುಗುತ್ತಿತ್ತು,” ಎಂದ ಅಣ್ಣ. ಅವನ ದನಿ ಆಗಲೇ ಬದಲಾಗಿತ್ತು.

ಅಂದಿನಿಂದ ಇಂಜಿನಿಯರು ನಮ್ಮ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಓಡಾಡತೊಡಗಿದ. ಅವನ ಜೊತೆ ಎರಡು ದೊಡ್ಡ ಟ್ರಂಕುಗಳು ಹಳೇಬೀಡಿನಿಂದ ಅರಸೀಕೆರೆಗೆ ಹೋಗುತ್ತಿದ್ದವು, ಮರುದಿನ ವಾಪಸು ಬರುತ್ತಿದ್ದವು. ಒಂದೊಂದನ್ನು ಎತ್ತಲು ನಾಲ್ವರು ಬೇಕು. ಒಳಗೆ ಏನೆಂದರೆ ಪುಸ್ತಕ ಎಂದ. ಲಗೇಜಿನ ಕಾಲಮಿನಲ್ಲಿ ನಾನೂ ‘ಪುಸ್ತಕ, ಉಚಿತ’ ಎಂದು ಬರೆದೆ. ಒಂದು ಸಂಜೆ ಜಾಗವಿಲ್ಲದೆ ಆ ಕೊಬ್ಬರಿ ವ್ಯಾಪಾರಿ ಅರಸೀಕೆರೆಯಿಂದ ಒಂದು ಟ್ರಂಕಿನ ಮೇಲೆ ಕೂತು ಬಂದ. ಜಾವಗಲ್ಲಿನಲ್ಲಿ ಇಳಿದು ಪಂಚೆ ಕೊಡವಿದರೆ ಹಿಂಭಾಗದ ತುಂಬ ತೂತು.

“ಇದೇನ್ಲಾ ಇದು, ಜರಡಿ ಆಗೋಗೈತೆ,” ಎಂದು ಡ್ರೈವರನ್ನು ಕೇಳಿದ.

“ಗೌಡ್ರು ಯಾವ ಹಬ್ಬಕ್ಕೆ ತಗಂಡಿದ್ದು ಆ ಪಂಚೆನ?” ಎಂದ ಡ್ರೈವರು.

“ನಗ್ಬ್ಯಾಡ ಕಣ್ಲಾ. ಕುಂತ ಜಾಗ ಉರೀತಾ ಐತೆ. ಪುಸ್ತಕ ಅಂದ್ರಲ್ಲ, ಪಂಚೆ ಸುಡೋ ಪುಸ್ತಕ ಯಾವುದ್ಲಾ?”

ಪಂಚೆಯಿಂದ ಏಳುತ್ತಿದ್ದ ಘಾಟು ವಾಸನೆ ನನಗೆ ಗೊತ್ತಿತ್ತು. ಹೈಸ್ಕೂಲಿನ ಪ್ರಯೋಗದ ಮೇಜಿನ ವಾಸನೆ, ಬ್ಯಾಟರಿಗೆ ಹಾಕುವ ಆಸಿಡ್ಡು. ಅರಸೀಕೆರೆಯಲ್ಲಿ ಸ್ಟೇಷನ್ನಿನ ಹತ್ತಿರ ರೇಡಿಯೋ ಬ್ಯಾಟರಿಗಳಿಗೆ ಚಾರ್ಜು ಮಾಡಿಕೊಡುವ ಅಂಗಡಿ ಇತ್ತು. ಟ್ರಂಕು ಹೋಗಿ ಬಂದ ಮರುದಿನ ಕಾರು ಮಾದಿಹಳ್ಳಿ ದಾಟಿ ಹೋಗಿ ಬರುತ್ತಿತ್ತು. ಎರಡು ದಿನ ಕಳೆದರೆ ಊರಿನೊಳಗೇ ಸುತ್ತುತ್ತಿತ್ತು. ಮೂರನೆಯ ದಿನ ಇಂಜಿನಿಯರಿಗೆ ತಲೆನೋವು ಬರುತ್ತಿತ್ತು. ಜಗತ್ತಿನ ಶಕ್ತಿಯನ್ನೆಲ್ಲ ಬಿಟ್ಟಿ ಕೊಡುತ್ತೇನೆಂದು ಬಂದವನ ಕಾರು ನಮ್ಮ ಬಸ್ಸಿನ ಇದ್ದಿಲಿನಲ್ಲಿ ಓಡುತ್ತಿತ್ತು. ಲಗೇಜಿನ ದುಡ್ಡು ಕೂಡ ಕೊಡದೆ.

ಅಣ್ಣನಿಗೆ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಅವನು ಮಜ್ಜಿಗೆ ಕುಡಿಯುತ್ತಿದ್ದ.

“ಬ್ಯಾಟರಿ ಇದೆ ಅಂತ ಅವರೇ ಹೇಳ್ತಾರಲ್ಲೋ,” ಎಂದ. “ಶುರು ಮಾಡೋಕೆ ಬೇಡವೆ? ಹೆಪ್ಪು ಅದು. ಒಂದು ಸೌಟು ಮೊಸರು ಹಾಕಿದ್ರೆ ಒಂದು ಮಡಕೆ ಮೊಸರಾಗಲ್ಲವೆ? ಅದರಲ್ಲಿ ಒಂದು ಸೌಟು ತೆಗೆದಿಟ್ಟರೆ ನಾಳೆಗೆ ಇನ್ನೊಂದು ಮಡಕೆ. ನಮ್ಮ ಮನೇಲಿ ಅಮ್ಮನ ಕಾಲದಿಂದ ಅದೇ ಹೆಪ್ಪು ನಡೀತಾ ಇದೆ.”

ಆ ಮಾತು ಅಣ್ಣನದಲ್ಲ ಎಂದು ಗೊತ್ತಾಯಿತು. ಅವನ ಬಾಯಿಯಲ್ಲಿ ಯಾರೋ ಹಾಕಿದ್ದು.

“ಹೆಪ್ಪು ಸರಿ. ದಿನಾ ಹಾಲು ಯಾರು ಹಾಕ್ತಾರೆ?” ಎಂದೆ. “ಹಾಲಿಲ್ಲದೆ ಬರೀ ಹೆಪ್ಪಿಗೆ ಹೆಪ್ಪು ಹಾಕಿದ್ರೆ ಮೊಸರಾಗುತ್ತಾ?”

ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ, “ಎಲ್ಲಾದಕ್ಕೂ ಒಂದು ಕೊಂಕು ತೆಗೀಬೇಡಿ ನೀವು. ಅವರ ಕೆಮ್ಮು ನಿಮಗೆ ಕೇಳಿಸಲ್ಲವಾ?” ಎಂದರು.

ಅಷ್ಟರಲ್ಲಿ ಮಾತು ಬಸ್ಸಿಗೆ ಬಂದಿತ್ತು. ಬಸ್ಸಿಗೂ ಅಂಥದೇ ಮೋಟಾರು ಕೂರಿಸಿ, ಅದೇ ಪೆಟ್ಟಿಗೆ ಜೋಡಿಸುವುದು. ಅದಕ್ಕೆ ಇಂಜಿನ್ ತೆಗೆಯಬೇಕು. ಅರಸೀಕೆರೆಯ ಅಕ್ಕಿ ಗಿರಣಿಯೊಂದಕ್ಕೆ ಇಂಜಿನ್ ಬೇಕಾಗಿತ್ತು. ಅದನ್ನು ಮಾರಿ ಬಂದ ದುಡ್ಡು ಮೋಟಾರಿಗೆ ಮತ್ತು ಇಂಜಿನಿಯರಿಗೆ. ಯುದ್ಧಕಾಲದಲ್ಲಿ ಇಂಜಿನ್ ಕೊಟ್ಟುಬಿಟ್ಟರೆ ಇನ್ನೊಂದು ಸಿಗುವುದಿಲ್ಲ. ಬಸ್ಸು ನಿಂತರೆ ಪರ್ಮಿಟ್ಟು ಬೇರೆಯವರ ಪಾಲು. ಪರ್ಮಿಟ್ಟು ಹೋದರೆ ಅಣ್ಣನಿಗೆ ಈ ರಸ್ತೆಯೇ ಇಲ್ಲ.

“ಒಂದು ಪರೀಕ್ಷೆ ಮಾಡೋಣ. ಗೆದ್ದರೆ ನಾನೇ ನಟ್ಟು ಬಿಚ್ತೀನಿ,” ಎಂದೆ. ಕಾರಿನ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಕಟ್ಟಿ, ಮೋಟಾರು ಶುರು ಮಾಡಿ, ಯಾರೂ ಮುಟ್ಟದೆ ಬಿಡುವುದು. ತಾನಾಗಿ ಕರೆಂಟು ಹುಟ್ಟಿಸಿಕೊಳ್ಳುವುದಾದರೆ ಸಂಜೆಯವರೆಗೂ ತಿರುಗುತ್ತಿರಬೇಕು, ಮರುದಿನವೂ ತಿರುಗುತ್ತಿರಬೇಕು. ಬರೀ ಬ್ಯಾಟರಿಯಾದರೆ ನಿಲ್ಲುತ್ತದೆ. ಅಣ್ಣ ಒಪ್ಪಿದ, ಪರೀಕ್ಷೆ ಮುಗಿಯುವವರೆಗೆ ಇಂಜಿನ್ನಿಗೆ ಕೈ ಹಚ್ಚುವುದಿಲ್ಲ ಎಂದು ಮಾತು ಕೊಟ್ಟ. ಇಂಜಿನಿಯರೂ ಒಪ್ಪಿದ. ಅಷ್ಟು ಸುಲಭವಾಗಿ ಯಾಕೆ ಒಪ್ಪಿದನೆಂದು ನಾನು ಯೋಚಿಸಬೇಕಾಗಿತ್ತು. “ವಿಜಯದಶಮಿಯ ದಿನ, ಬೇಲೂರಿನಲ್ಲೇ, ನಿಮ್ಮ ಹಿತ್ತಿಲಲ್ಲೇ ಆಗಲಿ. ಊರಿನವರೂ ಬರಲಿ,” ಎಂದ.

ಟ್ರಂಕುಗಳು ಅರಸೀಕೆರೆಗೆ ಹೋಗಿ ಬಂದವು. ಆಯುಧಪೂಜೆಯ ಬೆಳಿಗ್ಗೆ ಕಾರು ಹಳೇಬೀಡಿನಿಂದ ಬೇಲೂರಿಗೆ ಓಡಿಕೊಂಡೇ ಬಂತು. ಸಂಜೆಯೊಳಗೆ ಸೀಟಿನ ಕೆಳಗಿನ ಬ್ಯಾಟರಿಗಳು ಬದಲಾಗಿದ್ದವೋ ಏನೋ, ನಾನು ಅಂಗಡಿಗೆ ಹೋಗಿದ್ದೆ. ಅತ್ತಿಗೆ ಬಸ್ಸಿಗೂ ಕಾರಿಗೂ ಪೂಜೆ ಮಾಡಿ, ಪೆಟ್ಟಿಗೆಗೆ ಅರಿಸಿನದ ದಾರ ಸುತ್ತಿದರು. ಇನ್ನು ಅದನ್ನು ತೆರೆಯುವ ಮಾತು ಆಡುವ ಹಾಗೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಚಕ್ರ ತಿರುಗತೊಡಗಿತು. ಹಿತ್ತಿಲು ತುಂಬ ಜನ. ನಾನು ಕಲ್ಲಿನ ಮೇಲೆ ಕೂತು, ಚಕ್ರದ ಒಂದು ಕಡ್ಡಿಗೆ ಬಿಳಿ ಬಟ್ಟೆ ಕಟ್ಟಿ, ಆಗಾಗ ಸುತ್ತು ಎಣಿಸಿ ಬರೆದುಕೊಳ್ಳುತ್ತಿದ್ದೆ. ಹೆಂಗಸರು ದೂರದಿಂದಲೇ ಕೈ ಮುಗಿದು ಹೋದರು. ಕೊಬ್ಬರಿ ವ್ಯಾಪಾರಿ ಹೊಸ ಪಂಚೆ ಉಟ್ಟು ಜಾವಗಲ್ಲಿನಿಂದ ಬಂದಿದ್ದ. “ಯಾರೂ ತಳ್ತಾ ಇಲ್ವಲ್ಲಪ್ಪಾ,” ಎಂದು ಕೆಳಗೆ ಬಗ್ಗಿ ನೋಡಿದ.

ಮಧ್ಯಾಹ್ನದ ಊಟದ ಹೊತ್ತಿಗೆ ಚಕ್ರ ನಿಧಾನವಾಯಿತು. ಬಿಳಿ ಬಟ್ಟೆಯನ್ನು ಎಣಿಸುವ ಅಗತ್ಯವೇ ಉಳಿಯಲಿಲ್ಲ, ಒಂದೊಂದು ಸುತ್ತನ್ನೂ ಎಲ್ಲರೂ ಕಣ್ಣಲ್ಲಿ ನೋಡಬಹುದಾಗಿತ್ತು. ಬಿಸಿಲು ಬಸ್ಸಿನ ಪಕ್ಕಕ್ಕೆ ತಿರುಗುವಷ್ಟರಲ್ಲಿ ಅದು ನಿಂತಿತು. ಬಟ್ಟೆ ಕೆಳಗೆ ಜೋತುಬಿತ್ತು.

ನಾನು ಎದ್ದು ನಿಂತೆ. ಇನ್ನು ಹೇಳುವುದೇನೂ ಇಲ್ಲ, ಎಲ್ಲರೂ ನೋಡಿದ್ದಾರೆ ಎಂದುಕೊಂಡೆ. ಇಂಜಿನ್ ಉಳಿಯಿತು ಎಂದುಕೊಂಡೆ.

ಇಂಜಿನಿಯರು ಕಾರಿನ ಹತ್ತಿರ ಹೋದ. ಗಾಬರಿಯಿಲ್ಲ. ಪೆಟ್ಟಿಗೆಯ ಮೇಲಿನ ಕುಂಕುಮವನ್ನು ಬೆರಳಿನಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಜನರ ಕಡೆ ತಿರುಗಿ, ಮೆಲ್ಲಗೆ, “ಬೆಳಿಗ್ಗೆಯಿಂದ ತಿರುಗಿತು. ಈಗ ನಿಂತಿತು. ಬೇಲೂರಿನವರಿಗೆ ನಾನೇನು ಹೇಳಬೇಕು?” ಎಂದ.

ಅವನು ಹೇಳಬೇಕಾಗಿರಲಿಲ್ಲ. ಮುಂದೆ ಕೂತಿದ್ದ ಮುದುಕರೊಬ್ಬರು ನಿಟ್ಟುಸಿರಿಟ್ಟರು.

“ಗುಡಿ ಕಂಬವೂ ಹೀಗೇ ಅಲ್ವೇ. ಮೊದಲು ತಿರುಗ್ತಿತ್ತು.”

“ನಾವು ಕೇಳಿದ್ದು ಅಷ್ಟೇಯ,” ಎಂದ ಕೊಬ್ಬರಿ ವ್ಯಾಪಾರಿ. “ಇವತ್ತು ಕಣ್ಣಾರೆ ಕಂಡಂಗಾಯ್ತು.”

ಅವನ ಪಂಚೆಯ ತೂತುಗಳನ್ನು ನೆನಪಿಸಿದೆ. ಟ್ರಂಕು ಎಂದೆ, ಆಸಿಡ್ಡು ಎಂದೆ, ಅರಸೀಕೆರೆಯ ಅಂಗಡಿ ಎಂದೆ. ನನ್ನ ದನಿ ಏರಿದಷ್ಟೂ ಜನ ನನ್ನಿಂದ ಸ್ವಲ್ಪ ಸ್ವಲ್ಪ ದೂರ ಸರಿದರು. ಬೇರೆ ಯಾವ ಊರಿನಲ್ಲಾದರೂ ಚಕ್ರ ನಿಂತದ್ದು ಸೋಲು. ನಮ್ಮೂರಿನಲ್ಲಿ ಮಾತ್ರ ನಿಂತದ್ದೇ ಸಾಕ್ಷಿ. ಹುಟ್ಟಿದಾಗಿನಿಂದ ನಾವು ನಿಂತ ಕಂಬವನ್ನು ನೋಡಿ ತಿರುಗಿದ್ದನ್ನು ನಂಬಿದವರು. ಅವನಿಗೆ ಅದು ಹಳೇಬೀಡಿನ ಜಗುಲಿಯ ಮೇಲೇ ಗೊತ್ತಾಗಿತ್ತು. ಇಲ್ಲೇ ಹುಟ್ಟಿದ ನನಗೆ ಗೊತ್ತಾಗಲಿಲ್ಲ.

ಅಣ್ಣನನ್ನು ಬೇರೆ ಕರೆದು, “ನಿಂತದ್ದನ್ನು ನೋಡಿದೆಯಲ್ಲ?” ಎಂದೆ.

“ನೋಡಿದೆ,” ಎಂದ. “ನೀನು ತಿರುಗಿದ್ದನ್ನು ನೋಡಲಿಲ್ಲವೇನೋ?”

“ಗೆದ್ದರೆ ಮಾತ್ರ ಅಂತ ಮಾತಾಗಿತ್ತು.”

“ಅರ್ಧ ದಿನ ತಾನಾಗಿ ತಿರುಗಿದೆ ಕಣೋ. ಅರ್ಧ ದಿನ ಸಾಕು ನಂಗೆ. ಅರಸೀಕೆರೆಗೆ ಹೋಗೋಕೆ ಅಷ್ಟು ಹೊತ್ತು ಹಿಡಿಯಲ್ಲ.” ಮಾತಿನ ಮಧ್ಯೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, “ನೀನು ಬರೆದುಕೊಂಡದ್ದರಲ್ಲೂ ತಿರುಗಿದೆ ಅಂತಲೇ ಇದೆಯಲ್ಲ,” ಎಂದ. ಇತ್ತು. ಮಧ್ಯಾಹ್ನದವರೆಗಿನ ಸುತ್ತುಗಳು ಒಂದೂ ಬಿಡದೆ ಇದ್ದವು.

ಮುಂದಿನ ಸೋಮವಾರ ಇಂಜಿನ್ ಇಳಿಸಿದರು. ನಟ್ಟು ಬಿಚ್ಚಿದ್ದು ಡ್ರೈವರು. ಅವನ ಮುಖ ಹೆಣ ಎತ್ತುವವನ ಹಾಗಿತ್ತು. “ನಂಗೇನ್ ಸ್ವಾಮಿ, ಸ್ಟೇರಿಂಗ್ ಒಂದು ಇದ್ರಾಯ್ತು,” ಎಂದ. ಇಂಜಿನ್ನು ಎತ್ತಿನ ಗಾಡಿಯಲ್ಲಿ ಅರಸೀಕೆರೆಯ ಕಡೆ ಹೋಯಿತು. ಮೋಟಾರು ಕೂತಿತು, ಟ್ರಂಕಿನ ಬ್ಯಾಟರಿಗಳು ಕೂತವು, ಪೆಟ್ಟಿಗೆ ಕೂತಿತು. ಹೊರಟ ದಿನ ಬಸ್ಸಿನ ತುಂಬ ಜನ, ಮಾವಿನ ತೋರಣ, ಅತ್ತಿಗೆ ಮುಂದಿನ ಸೀಟಿನಲ್ಲಿ. ಬಸ್ಸು ಸದ್ದಿಲ್ಲದೆ ಊರು ದಾಟಿತು. ಅಣ್ಣ ತಿರುಗಿ ನನ್ನನ್ನು ನೋಡಿ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ಆಮೇಲೆಯೂ ನೋಡಲಿಲ್ಲ. ಹಳೇಬೀಡು ಕಾಣುವ ಮೊದಲೇ ಬಸ್ಸು ನಿಂತಿತು. ಜನ ಅಭ್ಯಾಸಬಲದಿಂದ ಇಳಿದು ತಳ್ಳಿದರು. ತಳ್ಳಿದಷ್ಟು ದೂರ ಹೋಯಿತು. ಸಂಜೆ ಎರಡು ಜೊತೆ ಎತ್ತು ಕಟ್ಟಿ ಮನೆಗೆ ಎಳೆಸಿದೆವು.

ಪೆಟ್ಟಿಗೆಗೆ ಒಂದು ಭಾಗ ಬೇಕು, ಬೆಂಗಳೂರಿನಿಂದ ತರುತ್ತೇನೆಂದು ಇಂಜಿನಿಯರು ಅರಸೀಕೆರೆಯಲ್ಲಿ ರೈಲು ಹತ್ತಿದ. ಕಾರು, ಟ್ರಂಕುಗಳು, ರಿಪೇರಿಗೆಂದು ಬಿಚ್ಚಿಸಿದ ಬಸ್ಸಿನ ಮೋಟಾರು ಎಲ್ಲ ಅವನಿಗಿಂತ ಮೊದಲೇ ಹೋಗಿದ್ದವು. ಅಣ್ಣ ದಿನವೂ ಸ್ಟೇಷನ್ನಿಗೆ ಹೋಗಿ ಬರುತ್ತಿದ್ದ, ಬೇರೆಯವರ ಬಸ್ಸಿನಲ್ಲಿ, ಟಿಕೆಟ್ಟು ತೆಗೆದುಕೊಂಡು. ಕೆಲವು ತಿಂಗಳಾದ ಮೇಲೆ ಪರ್ಮಿಟ್ಟು ಆ ಬಸ್ಸಿನವರಿಗೇ ಹೋಯಿತು. ಈಗ ಅಣ್ಣ ಅವರ ಬಸ್ಸಿಗೆ ಬೇಲೂರಿನಲ್ಲಿ ಟಿಕೆಟ್ಟು ಹರಿದುಕೊಡುತ್ತಾನೆ. ಯುದ್ಧ ಮುಗಿದು ಪೆಟ್ರೋಲ್ ಬರತೊಡಗಿದೆ. ಜಾವಗಲ್ಲಿನ ಏರಿನಲ್ಲಿ ಆ ಬಸ್ಸು ನಿಲ್ಲುವುದಿಲ್ಲ.

ಪರ್ಮಿಟ್ಟು ಹೋದ ದಿನ ನಾನು ದಾರ ಕಿತ್ತು ಪೆಟ್ಟಿಗೆ ಒಡೆದೆ, ಅಣ್ಣನ ಎದುರಿಗೇ. ಒಳಗೆ ಎರಡು ತಂತಿ ಈ ಕಡೆಯಿಂದ ಆ ಕಡೆಗೆ ನೇರವಾಗಿ ಹೋಗಿದ್ದವು. ಉಳಿದ ಜಾಗದಲ್ಲಿ ಭಾರಕ್ಕೆಂದು ಬಳಪದ ಕಲ್ಲಿನ ತುಂಡುಗಳು. ಹಳೇಬೀಡಿನ ಸುತ್ತ ಯಾರು ಬೇಕಾದರೂ ಆರಿಸಿಕೊಳ್ಳಬಹುದಾದ ಕಲ್ಲು. ಒಂದನ್ನು ಎತ್ತಿ ಅಣ್ಣನ ಅಂಗೈಯಲ್ಲಿ ಇಟ್ಟೆ.

ಅವನು ಅದನ್ನು ಅಂಗೈಯಲ್ಲೇ ತಿರುಗಿಸಿ ನೋಡಿದ. “ಶಕ್ತಿ ಹೋದಮೇಲೆ ಕಲ್ಲೇ ತಾನೆ ಉಳಿಯೋದು,” ಎಂದು ಮತ್ತೆ ಒಳಗಿಟ್ಟು ಮುಚ್ಚಳ ಮುಚ್ಚಿದ. ಅತ್ತಿಗೆ ಹೊಸ ದಾರ ತಂದರು.

ಕಳೆದ ಭಾನುವಾರ ಗುಡಿ ನೋಡಲು ಬಂದ ಒಂದು ಸಂಸಾರ ಬಸ್ಸು ತಪ್ಪಿಸಿಕೊಂಡಿತು. ಅಣ್ಣ ಅವರನ್ನು ಮನೆಗೆ ಕರೆತಂದು ಕಾಫಿ ಕೊಡಿಸಿದ. ಆಮೇಲೆ ಹಿತ್ತಿಲಿಗೆ ಕರೆದುಕೊಂಡು ಹೋಗಿ ಬಸ್ಸು ತೋರಿಸಿದ. ನಾನು ಬಾವಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದೆ. ಬಂದವರು ಬೆಳಿಗ್ಗೆ ತಾನೆ ಗುಡಿಯ ಕಂಬದ ಕತೆ ಕೇಳಿ ಬಂದಿದ್ದರು.

“ಮೊದಲು ಇದು ತಾನಾಗಿ ಓಡ್ತಿತ್ತು,” ಎಂದ ಅಣ್ಣ.

ಅವರು ಗಂಭೀರವಾಗಿ ತಲೆಯಾಡಿಸಿದರು. ಅವರ ಚಿಕ್ಕ ಹುಡುಗಿ ಮಾತ್ರ ಚಕ್ರವನ್ನು ಒದ್ದು ನೋಡಿ, “ಮತ್ತೆ ಈಗ ಯಾಕೆ ಓಡಲ್ಲ?” ಎಂದು ಕೇಳಿದಳು.

ಕಾಫಿ ಲೋಟಗಳನ್ನು ಒಟ್ಟುಗೂಡಿಸುತ್ತಿದ್ದ ಅತ್ತಿಗೆ, ನಾನಿದ್ದ ಕಡೆ ನೋಡದೆ ಹೇಳಿದರು:

“ಇವರ ತಮ್ಮ ಪರೀಕ್ಷೆ ಮಾಡಿದರು.”